ತೋಟದ ಮರ ಮಾರಿದ ದುಡ್ಡಿಗೆ ತೆರಿಗೆ ಉಂಟಾ?

ಸಕಲೇಶಪುರ, ಮೂಡಿಗೆರೆ, ಕೊಪ್ಪ, ಸೋಮವಾರಪೇಟೆ ಕಡೆ ತೋಟ ಇದ್ದವರಿಗೆ ಕಾಫಿ, ಮೆಣಸಿನ ಜೊತೆ ಇನ್ನೊಂದು ಆಸ್ತಿಯೂ ಇರುತ್ತದೆ. ಅದು ಸಿಲ್ವರ್ ಓಕ್. ಮನೆ ಕಟ್ಟಬೇಕು, ಮಗಳ ಮದುವೆ ಮಾಡಬೇಕು, ಬ್ಯಾಂಕಿನ ಸಾಲ ತೀರಿಸಬೇಕು ಅಂದಾಗ ಟಿಂಬರ್ ವ್ಯಾಪಾರಿಗೆ ಫೋನ್ ಹೋಗುತ್ತದೆ. ಆತ ಬಂದು ಮರ ಎಣಿಸುತ್ತಾನೆ, ಸುತ್ತಳತೆ ನೋಡುತ್ತಾನೆ, ರೇಟು ಹೇಳುತ್ತಾನೆ. ನಾಲ್ಕು ದಿನಕ್ಕೆ ಲಾರಿ ಹೊರಡುತ್ತದೆ, ಖಾತೆಗೆ ಹಣ ಬೀಳುತ್ತದೆ. ಪ್ರಶ್ನೆ ಶುರುವಾಗುವುದು ಅದಾದ ಮೇಲೆ. ಇಷ್ಟು ದೊಡ್ಡ ಮೊತ್ತ ಒಂದೇ ಸಲ ಬಂತಲ್ಲ, ಇನ್‌ಕಂ ಟ್ಯಾಕ್ಸ್‌ನವರು ಕೇಳುವುದಿಲ್ಲವೇ?

ಈ ಪ್ರಶ್ನೆಗೆ ಈಗ ಇನ್ನೊಂದು ಕಾರಣವೂ ಸೇರಿದೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದ್ದು, 2026ರ ಏಪ್ರಿಲ್ 1ರಿಂದ ಅದೇ ಜಾರಿಯಲ್ಲಿದೆ. ಸೆಕ್ಷನ್ ನಂಬರ್‌ಗಳೆಲ್ಲ ಅದಲುಬದಲಾಗಿವೆ. ಗಾಬರಿ ಬೇಡ, ಮರದ ವಿಷಯದಲ್ಲಿ ಮೂಲ ಲೆಕ್ಕ ಹಳೆಯದೇ. ಕೃಷಿ ಆದಾಯಕ್ಕೆ ವಿನಾಯಿತಿ ಮುಂದುವರಿದಿದೆ, ಕೃಷಿ ಆದಾಯ ಯಾವುದು ಎನ್ನುವ ವ್ಯಾಖ್ಯಾನವೂ ಹಾಗೆಯೇ ಬಂದಿದೆ. ಆದರೆ ಮರದ ದುಡ್ಡೆಲ್ಲ ಕೃಷಿ ಆದಾಯವೇ? ಅದನ್ನು ತೀರ್ಮಾನಿಸುವುದು ಮರದ ಬೆಲೆಯಲ್ಲ, ಮರ ಹುಟ್ಟಿದ ಬಗೆ.

ಕೃಷಿ ಆದಾಯ ಅಂದರೆ ಏನು

ಸಂವಿಧಾನದ ಏಳನೇ ಶೆಡ್ಯೂಲ್‌ನಲ್ಲಿ ಕೇಂದ್ರಕ್ಕೆ ಯಾವ ವಿಷಯ, ರಾಜ್ಯಕ್ಕೆ ಯಾವ ವಿಷಯ ಎಂದು ಹಂಚಿದ್ದಾರೆ. ಆದಾಯದ ಮೇಲೆ ತೆರಿಗೆ ಹಾಕುವುದು ಕೇಂದ್ರದ ಕೆಲಸ, ಆದರೆ ಕೃಷಿ ಆದಾಯವನ್ನು ಬಿಟ್ಟು. ಕೃಷಿ ಆದಾಯ ರಾಜ್ಯಗಳ ಪಾಲಿನದು. ಹಾಗಾಗಿ ಕೇಂದ್ರದ ಆದಾಯ ತೆರಿಗೆಯಲ್ಲಿ ಅದಕ್ಕೆ ವಿನಾಯಿತಿ ಇದೆ. ಯಾರೋ ದೊಡ್ಡ ಮನಸ್ಸು ಮಾಡಿ ರೈತರಿಗೆ ಕೊಟ್ಟ ರಿಯಾಯಿತಿ ಅದಲ್ಲ, ಅಧಿಕಾರ ಹಂಚಿಕೆಯಿಂದಲೇ ಬಂದದ್ದು.

ವ್ಯಾಖ್ಯಾನ ಸರಳವಾಗಿದೆ. ಜಮೀನು ಭಾರತದಲ್ಲಿರಬೇಕು. ಅದನ್ನು ಕೃಷಿಗೆ ಬಳಸುತ್ತಿರಬೇಕು. ಆ ಕೃಷಿಯಿಂದ ಬಂದ ಆದಾಯ, ಆ ಜಮೀನನ್ನು ಕೃಷಿಗೆ ಗುತ್ತಿಗೆ ಕೊಟ್ಟು ಪಡೆದ ಬಾಡಿಗೆ, ಬೆಳೆಯನ್ನು ಮಾರುಕಟ್ಟೆಗೆ ಒಯ್ಯುವ ಹಾಗೆ ಮಾಡಲು ರೈತರು ಸಾಮಾನ್ಯವಾಗಿ ಮಾಡುವ ಕೆಲಸದಿಂದ ಬಂದದ್ದು, ಇವೆಲ್ಲ ಕೃಷಿ ಆದಾಯ. ಕಾಯ್ದೆ ಒಂದನ್ನು ಮಾತ್ರ ಹೇಳಿಲ್ಲ. ‘ಕೃಷಿ’ ಅಂದರೆ ಯಾವುದು ಅಂತ! ಭತ್ತ, ರಾಗಿಗೆ ಈ ತೊಂದರೆ ಇಲ್ಲ. ಮರಕ್ಕೆ ಬಂತು. ಕಾಡಿನ ಮರವೂ ಭೂಮಿಯಲ್ಲೇ ಬೆಳೆಯುತ್ತದೆ ಅಲ್ವಾ? ಹಾಗಾದರೆ ಕಾಡು ಕಡಿದು ಮಾರುವುದೂ ಕೃಷಿಯೇ?

ಆರು ಸಾವಿರ ಎಕರೆ ಕಾಡಿನ ಕೇಸು

ಇದಕ್ಕೆ ಉತ್ತರ ಬಂದದ್ದು 1957ರಲ್ಲಿ, ಸುಪ್ರೀಂ ಕೋರ್ಟಿನಿಂದ. ರಾಜಾ ಬಿನಯ್ ಕುಮಾರ್ ಸಹಸ್ ರಾಯ್ ಎಂಬ ಜಮೀನ್ದಾರರ ಕೇಸು ಅದು. ಅವರ ಬಳಿ 6,000 ಎಕರೆ ಕಾಡು ಇತ್ತು. ಸಾಲ್ ಮತ್ತು ಪಿಯಾಸಾಲ್ ಮರಗಳ ಕಾಡು, ಸುಮಾರು 150 ವರ್ಷದಷ್ಟು ಹಳೆಯದು. 1944-45ರ ಲೆಕ್ಕದಲ್ಲಿ ಆ ಕಾಡಿನಿಂದ ಬಂದ 51,798 ರೂಪಾಯಿಗೆ ಇಲಾಖೆ ತೆರಿಗೆ ಹಾಕಿತು. ಕಾಡು ತಾನಾಗಿ ಹುಟ್ಟಿದ್ದು, ಹಾಗಾಗಿ ಇದು ಕೃಷಿಯಲ್ಲ ಎನ್ನುವುದು ಇಲಾಖೆಯ ವಾದ. ನಾವು ಕಾಡನ್ನು ನೋಡಿಕೊಂಡಿದ್ದೇವೆ, ಖಾಲಿಯಾದ ಕಡೆ ಹೊಸದಾಗಿ ನೆಟ್ಟಿದ್ದೇವೆ ಎನ್ನುವುದು ಜಮೀನ್ದಾರರ ಮಾತು.

ಕೋರ್ಟ್ ಕೃಷಿ ಕೆಲಸವನ್ನು ಎರಡು ಭಾಗ ಮಾಡಿತು. ಮೊದಲನೆಯದು ಮೂಲ ಕೆಲಸ: ನೆಲ ಹದ ಮಾಡುವುದು, ಬೀಜ ಬಿತ್ತುವುದು, ಸಸಿ ನೆಡುವುದು. ಎರಡನೆಯದು ಆಮೇಲಿನ ಕೆಲಸ: ಕಳೆ ತೆಗೆಯುವುದು, ಬುಡ ಬಿಡಿಸುವುದು, ಹುಳ ಮತ್ತು ದನದಿಂದ ಕಾಯುವುದು, ರೆಂಬೆ ಸವರುವುದು, ಕಡಿಯುವುದು, ಮಾರುಕಟ್ಟೆಗೆ ಸಿದ್ಧ ಮಾಡುವುದು. ಮೂಲ ಕೆಲಸ ನಡೆದಿದ್ದರೆ ಆಮೇಲಿನದ್ದೂ ಸೇರಿ ಎಲ್ಲವೂ ಕೃಷಿ. ಮೂಲ ಕೆಲಸವೇ ಇಲ್ಲದೆ, ತಾನಾಗಿ ಹುಟ್ಟಿದ ಮರವನ್ನು ಕಾದು, ಸವರಿ, ಕಡಿದರೆ ಅದು ಕೃಷಿಯಲ್ಲ. ಎಷ್ಟು ಬೆವರು ಸುರಿಸಿದ್ದರೂ ಸರಿ.

ಹಾಗಾದರೆ ಜಮೀನ್ದಾರರು ಸೋತರಾ? ಇಲ್ಲ, ಗೆದ್ದರು. ಕಾಡಿನ ದೊಡ್ಡ ಭಾಗದಲ್ಲಿ ಹೊಸದಾಗಿ ಮರ ನೆಟ್ಟಿದ್ದು ದಾಖಲೆಯಲ್ಲಿತ್ತು. ಯಾವ ಹಣ ನೆಟ್ಟ ಮರದ್ದು, ಯಾವುದು ತಾನಾಗಿ ಹುಟ್ಟಿದ ಮರದ್ದು ಅಂತ ಇಲಾಖೆ ಬೇರೆ ಮಾಡಿ ತೋರಿಸಿರಲಿಲ್ಲ. ಅರವತ್ತು ವರ್ಷ ದಾಟಿದರೂ ಮರದ ತೆರಿಗೆಯ ಜಗಳ ಎಲ್ಲಿ ಬಂದರೂ ಮೊದಲು ತೆಗೆಯುವುದು ಇದೇ ತೀರ್ಪನ್ನು.

ನಮ್ಮ ತೋಟಕ್ಕೆ ಇದನ್ನು ಹಚ್ಚಿ ನೋಡಿ. ಸಿಲ್ವರ್, ತೇಗ, ಮಹಾಗನಿ, ಅಕೇಶಿಯ, ಶ್ರೀಗಂಧದ ಸಸಿ ತಂದು, ಗುಂಡಿ ತೆಗೆದು ನೆಟ್ಟು ಬೆಳೆಸಿದ್ದರೆ ಅದನ್ನು ಮಾರಿದ ಹಣ ಕೃಷಿ ಆದಾಯ. ನೆಟ್ಟದ್ದು ನೀವಲ್ಲ, ನಿಮ್ಮ ಅಪ್ಪ ಅಥವಾ ಅಜ್ಜ ಎಂದಾದರೂ ಚಿಂತೆಯಿಲ್ಲ. ಪ್ರಶ್ನೆ ಇರುವುದು ಮರ ಹೇಗೆ ಬಂತು ಎನ್ನುವುದರ ಮೇಲೆ, ಯಾರ ಕೈಯಿಂದ ಎನ್ನುವುದರ ಮೇಲಲ್ಲ.

ತಾನೇ ಹುಟ್ಟಿದ ಮರ: ಬುಡ ಉಳಿಯಿತಾ, ಬೇರೂ ಹೋಯಿತಾ?

ಮಲೆನಾಡಿನ ಹಳೆ ತೋಟಗಳಲ್ಲಿ ಮತ್ತಿ, ನಂದಿ, ಹೊನ್ನೆ, ಹೆಬ್ಬಲಸು ನಿಂತಿರುತ್ತವೆ. ಅವನ್ನು ಯಾರೂ ನೆಟ್ಟಿಲ್ಲ. ತೋಟ ಮಾಡುವಾಗ ನೆರಳಿಗೆ ಬೇಕು ಅಂತ ಬಿಟ್ಟದ್ದು. ಇವುಗಳ ಹಣ ಕೃಷಿ ಆದಾಯವಲ್ಲ. ಹಾಗಂತ ಪೂರ್ತಿ ಮೊತ್ತಕ್ಕೂ ತೆರಿಗೆ ಬಿತ್ತು ಎಂದೂ ಅಲ್ಲ. ಇಲ್ಲಿ ಇನ್ನೊಂದು ವಿಚಾರ ಬರುತ್ತದೆ. ಬಂದದ್ದು ಆದಾಯವೋ, ಬಂಡವಾಳವೋ?

ಹಾಲು ಮಾರುವುದು ಬೇರೆ, ಹಸುವನ್ನೇ ಮಾರುವುದು ಬೇರೆ. ಹಾಲಿನ ದುಡ್ಡು ಆದಾಯ, ನಾಳೆಯೂ ಬರುತ್ತದೆ. ಹಸು ಮಾರಿದರೆ ಆದಾಯದ ಮೂಲವೇ ಕೈಬಿಟ್ಟಂತೆ. ಮರವನ್ನು ನೆಲಮಟ್ಟದ ಮೇಲೆ ಕಡಿದು ಬುಡ ಬಿಟ್ಟರೆ ಅದು ಮತ್ತೆ ಚಿಗುರುತ್ತದೆ. ಹಾಗೆ ಚಿಗುರುವಂತೆ ಬಿಟ್ಟು ಕಾಡುಮರ ಮಾರುತ್ತ ಬಂದರೆ ಅದು ತೆರಿಗೆ ಬೀಳುವ ಆದಾಯ ಎನ್ನುವುದು ಕೋರ್ಟುಗಳ ದಾರಿ. ಬೇರುಸಮೇತ ಕಿತ್ತರೆ ಮೂಲವೇ ಹೋಯಿತು, ಬಂದದ್ದು ಬಂಡವಾಳದ ಹಣ. ತಾನಾಗಿ ಹುಟ್ಟಿದ ಮರಗಳನ್ನು ಬೇರುಸಮೇತ ಮಾರಿದ ಕೇರಳದ ಕೇಸೊಂದರಲ್ಲಿ 1970ರಲ್ಲಿ ಸುಪ್ರೀಂ ಕೋರ್ಟ್ ಹೀಗೆಯೇ ಹೇಳಿತು.

ಹಾಗಾಗಿ ವ್ಯಾಪಾರಿಯ ಜೊತೆ ಬರೆದುಕೊಳ್ಳುವ ಕರಾರಿನಲ್ಲಿ ‘ಬೇರುಸಮೇತ’ ಅಥವಾ ‘ಬುಡ ಬಿಟ್ಟು’ ಎನ್ನುವ ಒಂದು ಮಾತಿಗೆ ತೂಕ ಜಾಸ್ತಿ. ಸುಮ್ನೆ ಬರೆದರೆ ಸಾಲದು, ಕೆಲಸವೂ ಹಾಗೆಯೇ ನಡೆದಿರಬೇಕು. ಜೆಸಿಬಿ ಬಂದು ಬೇರು ಎತ್ತಿದ್ದರೆ ಅದರ ಬಿಲ್ ಇಟ್ಟುಕೊಳ್ಳಿ.

ಬಂಡವಾಳದ ಹಣ ಎಂದಾದ ಮೇಲೆ ಕ್ಯಾಪಿಟಲ್ ಗೇನ್ ಪ್ರಶ್ನೆ ಏಳುತ್ತದೆ. ಅಂದರೆ ಆಸ್ತಿಯನ್ನು ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲಿನ ತೆರಿಗೆ. ತಾನಾಗಿ ಹುಟ್ಟಿದ ಮರಕ್ಕೆ ಕೊಂಡ ಬೆಲೆ ಎಲ್ಲಿಂದ ತರುವುದು? ಇಂಥದ್ದೇ ತೊಡಕು ಬೆಂಗಳೂರಿನ ಒಂದು ಅಗರಬತ್ತಿ ಕಂಪನಿಯ ಕೇಸಿನಲ್ಲಿ ಬಂದಿತ್ತು. ಬಿ.ಸಿ. ಶ್ರೀನಿವಾಸ ಸೆಟ್ಟಿ ಪ್ರಕರಣ ಎಂದು ಅದು ಹೆಸರುವಾಸಿ. ಅಲ್ಲಿ ಇದ್ದದ್ದು ಮರವಲ್ಲ, ವ್ಯಾಪಾರದ ಗುಡ್‌ವಿಲ್, ಅಂದರೆ ವ್ಯಾಪಾರ ಗಳಿಸಿದ ಒಳ್ಳೆಯ ಹೆಸರಿನ ಬೆಲೆ. ಕೊಂಡ ಬೆಲೆಯನ್ನು ಲೆಕ್ಕ ಹಾಕಲು ಆಗದ ಆಸ್ತಿಗೆ ಕ್ಯಾಪಿಟಲ್ ಗೇನ್ ಲೆಕ್ಕವೇ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1981ರಲ್ಲಿ ಹೇಳಿತು. ಕಾಡುಮರದ ಮಾಲೀಕರ ಪರ ವಾದಿಸುವವರು ಇದನ್ನೇ ಹಿಡಿಯುತ್ತಾರೆ. ದೊಡ್ಡ ಮೊತ್ತದ ಕಾಡುಮರ ಮಾರಾಟ ಇದ್ದರೆ ಈ ಒಂದು ಹಂತದಲ್ಲಿ ಆಡಿಟರ್ ಬೇಕೇ ಬೇಕು. ನೆಟ್ಟ ಸಿಲ್ವರ್‌ಗೆ ಇಷ್ಟೆಲ್ಲ ತಲೆನೋವಿಲ್ಲ.

ನೆರಳಿಗೆ ಬೆಳೆಸಿದ ಸಿಲ್ವರ್

ಆದರೂ ಸಿಲ್ವರ್‌ಗೆ ಅದರದ್ದೇ ಒಂದು ಕೇಸಿದೆ. ಕೇರಳದ ಕರಿಂತರುವಿ ಟೀ ಎಸ್ಟೇಟ್‌ನವರು ಚಹಾ ಗಿಡಗಳ ನೆರಳಿಗಾಗಿ ಗ್ರೆವಿಲಿಯ ಮರ ಬೆಳೆಸಿದ್ದರು. ನಮ್ಮ ಸಿಲ್ವರ್ ಓಕ್‌ನ ಸಸ್ಯಶಾಸ್ತ್ರದ ಹೆಸರೇ ಅದು. ಮುದಿಯಾಗಿ ನೆರಳಿಗೆ ಬಾರದ ಮರಗಳನ್ನು ಕಡಿದು ಸೌದೆಗೆ ಮಾರಿದರು. ಆ ಹಣಕ್ಕೆ ಕೇರಳ ಸರ್ಕಾರ ಕೃಷಿ ಆದಾಯ ತೆರಿಗೆ ಕೇಳಿತು. 1966ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆ ಮರಗಳು ನೆರಳಿಗೆಂದೇ ಇದ್ದವು, ಅವು ಎಸ್ಟೇಟಿನ ಬಂಡವಾಳದ ಭಾಗ, ಮಾರಿ ಬಂದದ್ದು ಆದಾಯವಲ್ಲ ಎಂದಿತು.

ನಮ್ಮಲ್ಲಿ ಈಗ ಸಿಲ್ವರ್ ನೆಡುವುದು ನೆರಳಿಗೂ ಹೌದು, ಮೆಣಸಿನ ಬಳ್ಳಿ ಹಬ್ಬಿಸುವುದಕ್ಕೂ ಹೌದು, ಪ್ಲೈವುಡ್ ಫ್ಯಾಕ್ಟರಿಗೆ ಮಾರುವುದಕ್ಕೂ ಹೌದು. ಸರದಿಯಂತೆ ಕಡಿದು, ಮತ್ತೆ ನೆಟ್ಟು, ಮತ್ತೆ ಮಾರುವವರು ಅದನ್ನು ಕೃಷಿ ಆದಾಯ ಅಂತ ತೋರಿಸುವುದೇ ಸಹಜ. ‘ಹೇಗೂ ಎರಡೂ ಕಡೆ ತೆರಿಗೆ ಇಲ್ಲವಲ್ಲ, ಯಾವ ಹೆಸರು ಹಾಕಿದರೇನು’ ಅನ್ನಿಸಬಹುದು. ಸಂಬಳವೋ ಪಿಂಚಣಿಯೋ ಇರುವವರಿಗೆ ವ್ಯತ್ಯಾಸ ಇದೆ.

ವಿನಾಯಿತಿ ಇದ್ದೂ ತೆರಿಗೆ ಏರುವುದು ಹೇಗೆ

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದರೆ ನಿಮ್ಮ ಬೇರೆ ಆದಾಯಕ್ಕೆ ಯಾವ ದರ ಎಂದು ನೋಡುವಾಗ ಕೃಷಿ ಆದಾಯವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಇದು 1973ರ ಬಜೆಟ್‌ನಿಂದ ಬಂದ ಪದ್ಧತಿ. ಎರಡು ಷರತ್ತು ಒಟ್ಟಿಗೆ ಕೂಡಿದಾಗ ಮಾತ್ರ ಅನ್ವಯ: ಖರ್ಚು ಕಳೆದ ಕೃಷಿ ಆದಾಯ 5,000 ರೂಪಾಯಿ ದಾಟಿರಬೇಕು, ಬೇರೆ ಆದಾಯ ಮೂಲ ವಿನಾಯಿತಿಯ ಮಿತಿ (ಎಷ್ಟರವರೆಗೆ ತೆರಿಗೆ ದರವೇ ಇಲ್ಲವೋ ಆ ಮೊತ್ತ) ದಾಟಿರಬೇಕು. ತೋಟ ಬಿಟ್ಟರೆ ಬೇರೆ ಆದಾಯವೇ ಇಲ್ಲದವರಿಗೆ ಇದು ತಾಗುವುದಿಲ್ಲ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಒಬ್ಬರನ್ನು ತೆಗೆದುಕೊಳ್ಳೋಣ. ಎಲ್ಲ ಕಡಿತ ಕಳೆದು ತೆರಿಗೆಗೆ ಒಳಪಡುವ ಸಂಬಳ 14 ಲಕ್ಷ. ಊರಿನ ತೋಟದಲ್ಲಿ ಸಿಲ್ವರ್ ಮಾರಿ, ಖರ್ಚು ಕಳೆದು 6 ಲಕ್ಷ ಬಂದಿದೆ. 2025-26ರ ಹೊಸ ತೆರಿಗೆ ಪದ್ಧತಿಯ (ನ್ಯೂ ರೆಜೀಮ್) ದರದಲ್ಲಿ ಲೆಕ್ಕ ಹೀಗಾಗುತ್ತದೆ.

ಮೊದಲು ಎರಡನ್ನೂ ಕೂಡಿಸಿ 20 ಲಕ್ಷಕ್ಕೆ ತೆರಿಗೆ ನೋಡಬೇಕು: 2,00,000 ರೂಪಾಯಿ. ಆಮೇಲೆ 6 ಲಕ್ಷದ ಕೃಷಿ ಆದಾಯಕ್ಕೆ ಮೂಲ ವಿನಾಯಿತಿಯ 4 ಲಕ್ಷ ಸೇರಿಸಿ 10 ಲಕ್ಷಕ್ಕೆ ತೆರಿಗೆ ನೋಡಬೇಕು: 40,000. ಮೊದಲನೆಯದರಲ್ಲಿ ಎರಡನೆಯದು ಕಳೆದರೆ 1,60,000. ಮರ ಮಾರದೇ ಇದ್ದಿದ್ದರೆ 14 ಲಕ್ಷಕ್ಕೆ ಬೀಳುತ್ತಿದ್ದದ್ದು 90,000. ಅಂದರೆ ‘ತೆರಿಗೆ ಇಲ್ಲದ’ 6 ಲಕ್ಷದಿಂದಾಗಿ 70,000 ಜಾಸ್ತಿಯಾಯಿತು. ಇದರ ಮೇಲೆ 4% ಸೆಸ್ ಬೇರೆ.

‘12 ಲಕ್ಷದವರೆಗೆ ತೆರಿಗೆಯೇ ಇಲ್ಲ’ ಎಂದು ನೆಮ್ಮದಿಯಾಗಿರುವ ಪಿಂಚಣಿದಾರರಿಗೂ ಇದು ತಾಗಬಹುದು. ತೆರಿಗೆಗೆ ಒಳಪಡುವ ಪಿಂಚಣಿ 9 ಲಕ್ಷ, ಮರದ ಆದಾಯ 6 ಲಕ್ಷ ಅಂದುಕೊಳ್ಳಿ. ಇದೇ ಲೆಕ್ಕದಲ್ಲಿ 65,000 ತೆರಿಗೆ ಬರುತ್ತದೆ. ರಿಬೇಟ್, ಅಂದರೆ ಬಂದ ತೆರಿಗೆಯಲ್ಲಿ ಬಿಡುವ ಮೊತ್ತ, ಸಿಗುವುದು ಹೆಚ್ಚೆಂದರೆ 60,000. ಉಳಿದ 5,000 ಮತ್ತು ಅದರ ಸೆಸ್ ಕಟ್ಟಲೇಬೇಕು.

ಮರದ ತೊಂದರೆಯೇ ಇದು. ಇಪ್ಪತ್ತು ವರ್ಷ ಬೆಳೆದದ್ದು ಒಂದೇ ವರ್ಷದ ಆದಾಯವಾಗಿ ಬಂದು ಕೂರುತ್ತದೆ. ಪೂರ್ತಿ ತೋಟ ಒಂದೇ ಸಲ ಬೋಳು ಮಾಡುವ ಬದಲು ಎರಡು ಮೂರು ವರ್ಷಕ್ಕೆ ಹಂಚಿ ಕಡಿದರೆ ಈ ಹೊಡೆತ ಕಮ್ಮಿ. ಕಾಫಿಗೂ ಅದು ಒಳ್ಳೆಯದು, ನೆರಳು ಏಕಾಏಕಿ ಹೋಗುವುದಿಲ್ಲ.

ದಿಮ್ಮಿ ಹಲಗೆಯಾದಾಗ

ಮರ ಕಡಿದು, ರೆಂಬೆ ಸವರಿ, ಅಳತೆಗೆ ತುಂಡು ಮಾಡಿ ಲಾರಿಗೆ ಹಾಕುವವರೆಗೆ ಎಲ್ಲವೂ ಮಾರುಕಟ್ಟೆಗೆ ಒಯ್ಯಲು ಬೇಕಾದ ಸಾಮಾನ್ಯ ಕೆಲಸ. ದಿಮ್ಮಿಯನ್ನು ಸ್ವಂತ ಸಾ ಮಿಲ್‌ನಲ್ಲಿ ಕೊಯ್ದು ಹಲಗೆ, ರೀಪು, ಬಾಗಿಲ ಚೌಕಟ್ಟು ಮಾಡಿ ಮಾರಿದರೆ ವ್ಯಾಪಾರ ಶುರುವಾಯಿತು. ಆಗ ದಿಮ್ಮಿಯ ಮಾರುಕಟ್ಟೆ ಬೆಲೆಯವರೆಗಿನದ್ದು ಕೃಷಿ ಆದಾಯ, ಅದರ ಮೇಲಿನ ಲಾಭ ತೆರಿಗೆ ಬೀಳುವ ವ್ಯಾಪಾರದ ಆದಾಯ. ಕಾಫಿ ಬೆಳೆಗಾರರಿಗೆ ಇದು ಹೊಸದಲ್ಲ. ಸ್ವಂತ ಕಾಫಿಯನ್ನು ಕ್ಯೂರಿಂಗ್ ಮಾಡಿ ಮಾರಿದರೆ 25% ವ್ಯಾಪಾರದ ಆದಾಯ, ಹುರಿದು ಪುಡಿ ಮಾಡಿ ಮಾರಿದರೆ 40% ಎಂಬ ನಿಯಮ ಬಹಳ ವರ್ಷಗಳಿಂದ ಇದೆ. ಮರಕ್ಕೆ ಹಾಗೆ ನಿಗದಿಯಾದ ಪ್ರಮಾಣ ಇಲ್ಲ, ದಿಮ್ಮಿಯ ಬೆಲೆಯನ್ನು ತೋರಿಸಬೇಕಾಗುತ್ತದೆ.

ಇನ್ನೊಬ್ಬರ ತೋಟದ ನಿಂತ ಮರ ಕೊಂಡು, ಕಡಿಸಿ ಮಾರುವವರದ್ದು ಶುದ್ಧ ವ್ಯಾಪಾರ. ಅವರು ನೆಟ್ಟಿಲ್ಲ, ಬೆಳೆಸಿಲ್ಲ. ಅವರಿಗೆ ಕೃಷಿ ವಿನಾಯಿತಿ ಇಲ್ಲ.

ಟಿಸಿಎಸ್, ಜಿಎಸ್‌ಟಿ, ನಗದು

ಟಿಸಿಎಸ್ ಅಂದರೆ ಮಾರುವವರು ಕೊಳ್ಳುವವರಿಂದ ಬೆಲೆಯ ಮೇಲೆ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಹಣ. ಟಿಂಬರ್‌ಗೆ ಇದು 2.5% ಇತ್ತು, 2025ರ ಏಪ್ರಿಲ್‌ನಿಂದ 2%. ಇಲ್ಲಿ ಗಮನಿಸಬೇಕಾದದ್ದು, ಇದು ಬೆಲೆಗೆ ಸೇರುವ ಹಣ, ಬೆಲೆಯಿಂದ ಮುರಿಯುವ ಹಣವಲ್ಲ. ‘ಟಿಸಿಎಸ್ ಹಿಡಿದಿದ್ದೇನೆ’ ಎಂದು ವ್ಯಾಪಾರಿ ನಿಮ್ಮ ದುಡ್ಡಿನಲ್ಲಿ ಕಡಿಮೆ ಕೊಟ್ಟರೆ ಅದಕ್ಕೆ ಅರ್ಥವೇ ಇಲ್ಲ. ವಸೂಲಿ ಮಾಡುವ ಹೊಣೆಯೂ ಎಲ್ಲರ ಮೇಲಿಲ್ಲ. ಮಾರುವವರು ಒಬ್ಬ ವ್ಯಕ್ತಿಯಾಗಿದ್ದರೆ ಹಿಂದಿನ ವರ್ಷ ಅವರ ವ್ಯಾಪಾರದ ವಹಿವಾಟು 1 ಕೋಟಿ ದಾಟಿದ್ದರೆ ಮಾತ್ರ. ತೋಟವನ್ನೇ ನಂಬಿದ ಸಾಮಾನ್ಯ ಬೆಳೆಗಾರರು ಇದರೊಳಗೆ ಬರುವುದಿಲ್ಲ. ಪಾಲುದಾರಿಕೆ ಸಂಸ್ಥೆ ಅಥವಾ ಕಂಪನಿ ಹೆಸರಿನಲ್ಲಿರುವ ಎಸ್ಟೇಟ್‌ಗಳು ಬರುತ್ತವೆ.

ದಿಮ್ಮಿಗೆ ಜಿಎಸ್‌ಟಿ ದರ 18%. ಆದರೆ ಸ್ವಂತ ದುಡಿಮೆಯಿಂದ ಅಥವಾ ತಮ್ಮ ಮೇಲ್ವಿಚಾರಣೆಯಲ್ಲಿ ಕೂಲಿಯವರನ್ನು ಇಟ್ಟು ಬೇಸಾಯ ಮಾಡುವ ವ್ಯಕ್ತಿ ಅಥವಾ ಅವಿಭಕ್ತ ಕುಟುಂಬ ತಾನು ಬೆಳೆದದ್ದನ್ನು ಮಾರಿದರೆ ಅದಕ್ಕಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಇದೂ ಕಂಪನಿಗಳಿಗೆ ಇಲ್ಲ.

ತೋಟದವರು ಹೆಚ್ಚು ಸಿಕ್ಕಿಬೀಳುವುದು ನಗದಿನಲ್ಲಿ. ಒಬ್ಬರಿಂದ ಒಂದೇ ದಿನ, ಅಥವಾ ಒಂದೇ ವ್ಯವಹಾರಕ್ಕೆ, 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ. ಕೃಷಿ ಆದಾಯ ಎಂದರೂ ಇದರಿಂದ ತಪ್ಪಿಸಿಕೊಳ್ಳಲಾಗದು. ದಂಡ ಎಷ್ಟು ಗೊತ್ತಾ? ತೆಗೆದುಕೊಂಡಷ್ಟೇ ಮೊತ್ತ. ದಿನಾ ಲಕ್ಷದಂತೆ ನಾಲ್ಕು ದಿನ ಕೊಟ್ಟರೂ ಮರದ ವ್ಯಾಪಾರ ಒಂದೇ ಆಗಿದ್ದರೆ ಅದು ಒಂದೇ ವ್ಯವಹಾರ. ಹಣ ಖಾತೆಗೇ ಹಾಕಿಸಿಕೊಳ್ಳಿ.

ಮರ ನಿಮ್ಮದೇನಾ?

ತೆರಿಗೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು, ಆದರೆ ನಮ್ಮಲ್ಲಿ ಕಡೆಗೆ ನೆನಪಾಗುತ್ತದೆ. ಜಾಗದ ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಅದರ ಮೇಲಿನ ಎಲ್ಲ ಮರವೂ ಮಾಲ್ಕಿ ಎಂದಲ್ಲ. ಸರ್ಕಾರ ಮಂಜೂರು ಮಾಡಿದ ಜಾಗದಲ್ಲಿ ಮೊದಲೇ ಇದ್ದ ಮರಗಳ ಹಕ್ಕು ಸರ್ಕಾರದ ಬಳಿ ಉಳಿದಿರಬಹುದು. ಕೊಡಗಿನಲ್ಲಿ ಇದಕ್ಕೆ ರಿಡೀಮ್ಡ್, ಅನ್‌ರಿಡೀಮ್ಡ್ ಅಂತಲೇ ಹೆಸರು. ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸಿಕೊಂಡ ಜಾಗ ಒಂದು, ಬಿಡಿಸಿಕೊಳ್ಳದ್ದು ಇನ್ನೊಂದು. ಸೊಪ್ಪಿನಬೆಟ್ಟದಲ್ಲಿ ಸೊಪ್ಪು ಸೌದೆಯ ಸವಲತ್ತು ಇದೆ, ಮಾಲೀಕತ್ವ ಇಲ್ಲ.

ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಸಿಲ್ವರ್ ಓಕ್, ನೀಲಗಿರಿ, ಸರ್ವೆ, ರಬ್ಬರ್, ತೆಂಗಿನಂಥ ಮರಗಳಿಗೆ ಅದರಲ್ಲಿ ಅನುಮತಿ ಬೇಡ. ಬೀಟೆ, ಹೊನ್ನೆಯಂಥವಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಸಾಗಿಸಲು ಪಾಸ್ ಬೇಕು. ಶ್ರೀಗಂಧ 2001ರ ತಿದ್ದುಪಡಿಯಿಂದ ಜಮೀನಿನವರದ್ದೇ ಆಗಿದ್ದರೂ ಕಡಿಯಲು, ಮಾರಲು ಅರಣ್ಯ ಇಲಾಖೆಯ ಮೂಲಕವೇ ಹೋಗಬೇಕು. ಈ ಅನುಮತಿ ಪತ್ರಗಳು ತೆರಿಗೆಗೂ ಕೆಲಸಕ್ಕೆ ಬರುತ್ತವೆ. ಯಾವ ಜಾತಿ, ಎಷ್ಟು ಮರ, ಯಾವ ಸರ್ವೆ ನಂಬರ್ ಎಂದು ಸರ್ಕಾರವೇ ಬರೆದುಕೊಟ್ಟ ದಾಖಲೆ ಅದು.

ರಿಟರ್ನ್‌ನಲ್ಲಿ ಎಲ್ಲಿ ತೋರಿಸುವುದು

ಕೃಷಿ ಆದಾಯ 5,000 ದಾಟಿದರೆ ಐಟಿಆರ್-1 ಹಾಕುವಂತಿಲ್ಲ. ಸಂಬಳದಾರರು ಐಟಿಆರ್-2ಕ್ಕೆ ಹೋಗಬೇಕು. ಅದರಲ್ಲಿ ವಿನಾಯಿತಿ ಇರುವ ಆದಾಯಕ್ಕೆ ಪ್ರತ್ಯೇಕ ಪಟ್ಟಿ ಇದೆ. ಕೃಷಿ ಆದಾಯ 5 ಲಕ್ಷ ದಾಟಿದರೆ ಜಮೀನಿನ ಜಿಲ್ಲೆ, ಪಿನ್‌ಕೋಡ್, ಎಷ್ಟು ಎಕರೆ, ಸ್ವಂತದ್ದೋ ಗುತ್ತಿಗೆಯದ್ದೋ, ನೀರಾವರಿಯೋ ಮಳೆಯಾಶ್ರಯವೋ ಎಂದು ಕೇಳುತ್ತದೆ. ಜಾಗ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿದ್ದು ಹಣ ಒಬ್ಬರ ಖಾತೆಗೆ ಬಂದಿದ್ದರೆ ಅವರವರ ಪಾಲನ್ನು ಅವರವರೇ ತೋರಿಸಬೇಕು. ಹಂಚಿಕೊಂಡದ್ದಕ್ಕೆ ಬ್ಯಾಂಕಿನ ದಾಖಲೆ ಇರಲಿ.

ನೋಟಿಸ್ ಬಂದರೆ ಕೇಳುವುದು ಹಳೆಯ ಪ್ರಶ್ನೆಯನ್ನೇ. ನೆಟ್ಟದ್ದಕ್ಕೆ ಏನು ಆಧಾರ? ನರ್ಸರಿಯಿಂದ ಸಸಿ ತಂದ ರಸೀದಿ, ಗುಂಡಿ ತೆಗೆದ, ನೆಟ್ಟ, ಮರಗಸಿ ಮಾಡಿದ (ನೆರಳು ಮರದ ರೆಂಬೆ ಸವರಿದ) ದಿನಗಳ ಕೂಲಿ ಹಾಜರಿ ಪುಸ್ತಕ, ಪಹಣಿಯ ಬೆಳೆ ಕಾಲಂ, ವ್ಯಾಪಾರಿಯ ಜೊತೆಗಿನ ಕರಾರು, ಲಾರಿ ಲೋಡಿನ ಅಳತೆ ಚೀಟಿ. ಒಳ್ಳೆ ವಕೀಲರ ಅರ್ಧ ದಿನದ ವಾದಕ್ಕಿಂತ ತೋಟದ ಲೆಕ್ಕ ಬರೆಯುವ ರೈಟರ್ ಬರೆದಿಟ್ಟ ಹಳೆ ಹಾಜರಿ ಪುಸ್ತಕಕ್ಕೆ ಬೆಲೆ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಈಗ ಹೊಸದಾಗಿ ಸಸಿ ನೆಡುತ್ತಿರುವವರು ಫೋನಿನಲ್ಲಿ ನಾಲ್ಕು ಫೋಟೊ ತೆಗೆದು, ರಸೀದಿಯ ಜೊತೆ ಒಂದು ಕಡೆ ಇಟ್ಟುಬಿಡಿ.

ಅಮೆರಿಕದಲ್ಲಿ ನೆಲೆಸಿ ಊರಿನಲ್ಲಿ ತೋಟ ಇಟ್ಟುಕೊಂಡವರಿಗೆ ಒಂದು ಮಾತು ಬೇರೆಯೇ ಇದೆ. ಕೃಷಿ ಆದಾಯಕ್ಕೆ ವಿನಾಯಿತಿ ಎನ್ನುವುದು ಭಾರತದ ಕಾನೂನು. ಅಮೆರಿಕ ತನ್ನ ನಾಗರಿಕರಿಗೂ ಗ್ರೀನ್ ಕಾರ್ಡ್ ಇರುವವರಿಗೂ ಜಗತ್ತಿನಲ್ಲಿ ಎಲ್ಲೇ ಬಂದ ಆದಾಯವಾದರೂ ಲೆಕ್ಕ ಕೇಳುತ್ತದೆ. ಇಲ್ಲಿ ತೆರಿಗೆ ಕಟ್ಟಿಲ್ಲವಾದ್ದರಿಂದ ಅಲ್ಲಿ ಕಳೆದುಕೊಳ್ಳಲು ಏನೂ ಇರುವುದಿಲ್ಲ. ಮೂಡಿಗೆರೆಯ ಸಿಲ್ವರ್ ಮಾರಿದ ಹಣವನ್ನು ಅಲ್ಲಿನ ರಿಟರ್ನ್‌ನಲ್ಲಿ ತೋರಿಸಿ, ಅಲ್ಲಿನ ನಿಯಮದಂತೆ ತೆರಿಗೆ ಲೆಕ್ಕ ಹಾಕಬೇಕು.